ಕೋಟು ಬಿಚ್ಚದ ಪೆನಿಯಾಮಿನಾ

ಕುಳಿತವರ ಮುಂದೆ ಹಾದುಹೋಗುವಾಗ ಸೊಂಟ ಬಗ್ಗಿಸಿ, ಒಂದು ಕೈಯನ್ನು ನೆಲದತ್ತ ಇಳಿಬಿಟ್ಟು, ‘ತುಲೋ’ ಎಂದು ಕ್ಷಮೆ ಕೇಳುವುದು ನಮ್ಮ ಸಮೋವಾದಲ್ಲಿ ಮಗುವಿಗೂ ಗೊತ್ತಿರುವ ಮರ್ಯಾದೆ. ಆದರೆ ಗೋಡೆಯ ಪರದೆಯೊಳಗೆ ಕುಳಿತವರಿಗೂ ಆ ಮರ್ಯಾದೆಯನ್ನು ಸಲ್ಲಿಸುತ್ತಿದ್ದವರು ನಾವು ಕಂಡಂತೆ ಪೆನಿಯಾಮಿನಾ ಒಬ್ಬರೇ. ನಮ್ಮ ಶಿಕ್ಷಣ ಇಲಾಖೆಯ ಸಭಾಕೊಠಡಿಯಲ್ಲಿ ಹಣ ಕೊಡುವ ದೇಶಗಳ ಸಲಹೆಗಾರರು ಪರದೆಯ ಮೇಲೆ ಸಾಲಾಗಿ ಮೂಡಿ ಮಾತನಾಡುತ್ತಿರುವಾಗ, ನೀರು ಕುಡಿಯಲೆಂದು ಎದ್ದ ಈ ಆಜಾನುಬಾಹು ಕ್ಯಾಮೆರಾದ ಮುಂದೆ ಅರ್ಧಕ್ಕೆ ಬಾಗಿ, “ತುಲೋ, ತುಲೋ” ಎಂದು ಸರಿದುಹೋಗುತ್ತಿದ್ದರು. ವೆಲ್ಲಿಂಗ್ಟನ್ನಿನ ಸಲಹೆಗಾರನೊಬ್ಬ ಮೊದಲ ಸಲ ಅದನ್ನು ಕಂಡು ಗಾಬರಿಯಾಗಿ, ಅವರಿಗೇನು ಬೆನ್ನುನೋವೇ ಎಂದು ಕೇಳಿದ್ದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈಗ ಆ ನಗುವನ್ನು ನೆನೆದರೆ ಬಾಯಿ ಕಹಿಯಾಗುತ್ತದೆ.

ಅವರ ಮೈಮೇಲೆ ಸದಾ ಒಂದು ಬೂದುಬಣ್ಣದ ಉಣ್ಣೆಯ ಕೋಟು. ಎಂದೋ ಚಳಿಗಾಲದಲ್ಲಿ ನಡೆದ ವೆಲ್ಲಿಂಗ್ಟನ್ನಿನ ಸಮ್ಮೇಳನಕ್ಕೆ ಹೋದಾಗ ಕೊಂಡದ್ದು. ಸೊಂಟಕ್ಕೆ ಸುತ್ತಿದ ಲಾವಲಾವಾ, ಕಾಲಿಗೆ ಸವೆದ ಚಪ್ಪಲಿ, ನಡುವೆ ಆ ಕೋಟು. ನಿರ್ದೇಶಕರ ಹವಾನಿಯಂತ್ರಿತ ಕೋಣೆಯಲ್ಲಿ ಅದು ಒಪ್ಪುತ್ತಿತ್ತು, ಹೊರಗಿನ ಉರಿಬಿಸಿಲಿನಲ್ಲಿ ನೋಡಿದವರಿಗೇ ಬೆವರು ಬರುತ್ತಿತ್ತು. ಆದರೆ ಹಳ್ಳಿಗಳಿಗೆ ಹೋದಾಗ ಮಾತ್ರ ಅವರು ಅದನ್ನು ಬಿಚ್ಚಿ, ಮಡಿಸಿ, ಜೀಪಿನ ಸೀಟಿನ ಮೇಲಿಟ್ಟು ಇಳಿಯುತ್ತಿದ್ದರು. ಯಾರು ಏನೆಂದರೂ ಅವರದೊಂದೇ ಉತ್ತರ: “ಅದೂ ಸರಿಯೇ.”

ಅವರ ಕಿವಿ ಎಂಥ ಸೂಕ್ಷ್ಮದ್ದೆಂಬುದಕ್ಕೆ ಹಳೆಯ ಪ್ರಸಂಗವೊಂದಿದೆ. ಪ್ರಾಯದ ಪರಿವೀಕ್ಷಕರಾಗಿದ್ದಾಗ, ಶಾಲೆಯನ್ನು ಕಡಲತೀರದಿಂದ ಗುಡ್ಡಕ್ಕೆ ಸ್ಥಳಾಂತರಿಸುವ ವಿಚಾರ ಹೊತ್ತು ಒಂದು ಹಳ್ಳಿಗೆ ಹೋಗಿ ಬಂದು, ಜನ ಒಪ್ಪಲಿಲ್ಲವೆಂದು ವರದಿ ಕೊಟ್ಟರು. ಜೊತೆಗೆ ಹೋಗಿದ್ದ ಅಂದಿನ ನಿರ್ದೇಶಕರಿಗೆ ಆಶ್ಚರ್ಯ. “ಯಾವಾಗ ಬೇಡ ಅಂದ್ರಯ್ಯಾ? ಇಡೀ ಹೊತ್ತು ನಮ್ಮನ್ನ ಹೊಗಳ್ತಾನೇ ಇದ್ರಲ್ಲ!”

“ಅಷ್ಟು ಹೊಗಳಿದ್ರಲ್ಲ ಸಾರ್, ಅದೇ.”

ಅತಿಥಿಯ ಮುಖಕ್ಕೆ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಹೌದು ಎಂಬುದರಲ್ಲೇ ನೂರು ಬಗೆಯಿದೆ, ಅದರಲ್ಲಿ ತೊಂಬತ್ತು ಬಗೆಗೆ ಬೇಡವೆಂದೇ ಅರ್ಥ. ಆ ಬಗೆಗಳೆಲ್ಲವನ್ನೂ ಬಲ್ಲವರು ಪೆನಿಯಾಮಿನಾ.

ಹೀಗಿರುವಾಗ ಸರ್ಕಾರಕ್ಕೆ ಕಾಲ ಬದಲಾಗಿರುವ ಸುದ್ದಿ ತಲುಪಿತು. ಬದಲಾದ ಸಮಾಜಕ್ಕೆ ತಕ್ಕ ನವಶಿಕ್ಷಣ ನೀತಿಯೊಂದು ಸಿದ್ಧವಾಯಿತು: ಸಣ್ಣ ಶಾಲೆಗಳ ಶಿಕ್ಷಕರಿಗೆ ಗೌರವಪೂರ್ವಕ ನಿವೃತ್ತಿ, ಪ್ರತಿ ಮಗುವಿನ ಕೈಗೊಂದು ಟ್ಯಾಬ್, ರಾಜಧಾನಿಯಿಂದ ಪಾಠ, ಯಂತ್ರಗಳನ್ನು ನೋಡಿಕೊಳ್ಳಲು ಊರಿಗೊಬ್ಬ ಕಾವಲುಗಾರ. ಪ್ರತಿ ಪಾಠದ ಕೊನೆಗೆ ‘ಅರ್ಥವಾಯಿತೆ?’ ಎಂಬ ಪ್ರಶ್ನೆ. ಆಯಿತೆಂದರೆ ಹಸಿರು ಗುಂಡಿ, ಇಲ್ಲವೆಂದರೆ ಕೆಂಪು. ಹಣ ಕೊಡುವವರದು ಒಂದೇ ಷರತ್ತು, ಪ್ರತಿ ಹಳ್ಳಿಯ ಒಪ್ಪಿಗೆ ಬೇಕು. ಒಪ್ಪಿಗೆ ತರಲು ಪೆನಿಯಾಮಿನಾ ಅವರಿಗಿಂತ ಯೋಗ್ಯರು ಯಾರಿದ್ದಾರೆ?

ಅವರು ಹೋದರು. ಗೋಡೆಯಿಲ್ಲದ ಸಭಾಮನೆಯ ಕಂಬಗಳಿಗೊರಗಿ ಕುಳಿತ ಹಿರಿಯರ ನಡುವೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ತೆಂಗಿನ ಚಿಪ್ಪಿನಲ್ಲಿ ಬಂದ ಆವಾ ಬೇರಿನ ಪಾನೀಯ ಕುಡಿದು, ವಾಗ್ಮಿಗಳ ಮನೆತನದ ಆ ತುಂಬುಕಂಠದಲ್ಲಿ ನೀತಿಯನ್ನು ವಿವರಿಸಿದರು. “ಏನಪ್ಪಾ ಪೆನಿ, ಇಷ್ಟು ಸೊರಗಿದ್ದೀಯಾ? ಸರ್ಕಾರ ಊಟ ಹಾಕ್ತಿಲ್ವಾ?” ಎಂದು ಛೇಡಿಸಿದ ಮುದುಕರು, ನೀತಿಯ ಮಾತು ಬಂದೊಡನೆ ಸರ್ಕಾರದ ಪ್ರೀತಿಯನ್ನೂ ದೂರದೃಷ್ಟಿಯನ್ನೂ ಬಾಯ್ತುಂಬ ಹೊಗಳಿದರು. ಪೆನಿಯಾಮಿನಾ ಆ ಹೊಗಳಿಕೆಯನ್ನು ತಲೆಬಾಗಿಸಿ ಕೇಳಿದರು, ಹಿಂದಿರುಗಿ ಬಂದು ಸರ್ವಾನುಮತದ ಒಪ್ಪಿಗೆಯೆಂದು ಬರೆದರು. ಒಂದು ಊರಲ್ಲ, ಹೋದ ಊರಲ್ಲೆಲ್ಲ ಹೀಗೆಯೇ. ಅವರ ಕಿವಿ ಮಂದವಾಗಿರಲಿಲ್ಲ. ನಿವೃತ್ತಿ ಸಮೀಪಿಸಿತ್ತು, ಹೊಸ ನಿರ್ದೇಶಕರಿಗೆ ಬೇಡವೆಂಬುದು ಬೇಕಿರಲಿಲ್ಲ, ಅಷ್ಟೆ.

ಕೊನೆಗೆ ಉಳಿದದ್ದು ಅವರ ಹುಟ್ಟೂರು ಫಗಾಸಿನಾ. ಅಲ್ಲಿನ ಶಾಲೆಯ ಒಬ್ಬಳೇ ಶಿಕ್ಷಕಿ, ಬದಲಿಗೆ ಯಾರೂ ಬಾರದೆ ವಯಸ್ಸು ಮೀರಿದರೂ ಮುಂದುವರಿದಿದ್ದ ಅವರ ಅಕ್ಕ ಫುವಾತಿನೊ. ನಮ್ಮ ಮಕ್ಕಳು ಹೌದೆನ್ನಲು ಬಾಯಿ ತೆರೆಯುವುದಿಲ್ಲ, ಹುಬ್ಬೇರಿಸುತ್ತಾರೆ. ಆಕೆ ಮಾತ್ರ ತರಗತಿಯಲ್ಲಿ ಯಾವ ಹುಬ್ಬನ್ನೂ ನಂಬಿದವಳಲ್ಲ. “ಹುಬ್ಬು ಇಳಿಸೋ ಕಳ್ಳ, ಬಾಯಲ್ಲಿ ಹೇಳು. ಹೇಳೋವರ್ಗೂ ನಿನಗೂ ಊಟ ಇಲ್ಲ, ನನಗೂ ಇಲ್ಲ” ಎಂದು ಮಗುವಿನ ಎದುರು ಕುಳಿತುಬಿಡುತ್ತಿದ್ದಳು. ಆ ಊರಿನ ಹುಡುಗರು ಭಿನ್ನರಾಶಿ ಕಲಿತದ್ದು ಹೀಗೆ. ಪೆನಿಯಾಮಿನಾ ಕಲಿತದ್ದೂ ಈ ಅಕ್ಕನೆದುರು ಹಸಿದು ಕುಳಿತೇ.

ಅಕ್ಕ ಬೇಡವೆಂದರೆ ತಮ್ಮ ಮೀರುವಂತಿಲ್ಲ. ಇದು ನಮ್ಮಲ್ಲಿ ಯಾವ ಸರ್ಕಾರಕ್ಕಿಂತಲೂ ಹಳೆಯ ಕಟ್ಟಳೆ. ಆಕೆ ಸಭೆಯಲ್ಲಿ ಎದ್ದು ಒಂದು ಮಾತು ಆಡಿದ್ದರೆ ಶಾಲೆ ಉಳಿಯುತ್ತಿತ್ತು. ಪೆನಿಯಾಮಿನಾ ಕಾಗದಗಳನ್ನು ಸುತ್ತಿಕೊಂಡು ಹಿಂದಿರುಗಲೇಬೇಕಾಗುತ್ತಿತ್ತು. ನಿರ್ದೇಶಕರೂ ಇದನ್ನು ಬಲ್ಲವರೇ. “ನಿಮ್ಮೂರಲ್ಲೇ ಬೇಡ ಅಂದ್ರೆ ನಾನು ಪರದೆ ಮುಂದೆ ಯಾವ ಮುಖ ಇಟ್ಕೊಂಡು ಕೂರ್ಲಿ?” ಎಂದು ಹೇಳಿ ಕಳಿಸಿದ್ದರು.

ಅಂದು ಪೆನಿಯಾಮಿನಾ ಜೀಪಿನಿಂದ ಕೋಟು ಹಾಕಿಕೊಂಡೇ ಇಳಿದರು.

ಕಡಲ ಗಾಳಿಯೂ ಸತ್ತುಹೋಗಿದ್ದ ಆ ಮಧ್ಯಾಹ್ನ, ಗುಂಡಿಗಳನ್ನೆಲ್ಲ ಹಾಕಿಕೊಂಡು, ಕತ್ತಿನಿಂದ ಬೆವರು ಇಳಿಯುತ್ತಿರಲು ಅವರು ಮಾತನಾಡಿದರು. ಹಿರಿಯರು ಹೊಗಳಿದರು. ಫುವಾತಿನೊ ಕೊನೆಯ ಕಂಬದ ಬಳಿ ಕುಳಿತು ತಮ್ಮನ ಕೋಟನ್ನೇ ನೋಡುತ್ತಿದ್ದಳು, ತುಟಿ ಎರಡು ಮಾಡಲಿಲ್ಲ. ಸಭೆ ಮುಗಿದಾಗ ಎದ್ದು, ಅತಿಥಿಗಳಿಗೆ ಕಟ್ಟಿಕೊಡುವ ಬುತ್ತಿ ತುಂಬಲು ಅಡುಗೆಮನೆಗೆ ಹೋದಳು. ಪೆನಿಯಾಮಿನಾ ಹಿಂದೆಯೇ ಹೋದರು.

“ಅಕ್ಕಾ, ನೀನ್ಯಾಕೆ ಮಾತಾಡ್ಲಿಲ್ಲ?”

“ಯಾರ ಹತ್ರ ಮಾತಾಡ್ಲಿ?”

“ನನ್ನ ಹತ್ರ.”

“ನೀನೆಲ್ಲಿದ್ದೆಯೋ ಅಲ್ಲಿ? ಈ ಸೆಖೇಲಿ ಉಣ್ಣೆ ಕೋಟು ಹಾಕ್ಕೊಂಡು ಸರ್ಕಾರ ಕೂತಿತ್ತು. ಸರ್ಕಾರ ಅಂದ್ರೆ ಮನೆಗೆ ಬಂದ ನೆಂಟ. ನೆಂಟನಿಗೆ ಊಟ ಹಾಕ್ತೀನಿ, ಬೇಡ ಅನ್ನಲ್ಲ. ಅದನ್ನ ಬಿಚ್ಚಿಟ್ಟು ಬಂದಿದ್ರೆ ತಮ್ಮನ ಕಿವಿ ಹಿಂಡಿ ಹೇಳ್ತಿದ್ದೆ.”

ಪೆನಿಯಾಮಿನಾ ಅವರ ಕೈ ಗುಂಡಿಯ ಮೇಲೆ ಹೋಯಿತು. “ಈಗ ಬಿಚ್ಚಲಾ?”

“ಈಗ್ಯಾಕೆ? ಬೆವರು ಆರಿ ನೆಗಡಿ ಆಗುತ್ತೆ. ಹಾಕ್ಕೊಂಡೇ ಹೋಗು.” ಎಲೆಯಲ್ಲಿ ಸುತ್ತಿದ ಕೆಸುವಿನ ಗೆಡ್ಡೆ, ಹಂದಿಮಾಂಸವಿದ್ದ ಬುಟ್ಟಿಯನ್ನು ಆಕೆ ಅವರ ಕೈಗಿತ್ತಳು.

“ಅದೂ ಸರಿಯೇ” ಎಂದರು ಪೆನಿಯಾಮಿನಾ.

ಯಂತ್ರಗಳು ಬಂದವು. ನಿಂದಿಸಲಿಕ್ಕೆ ಆಸೆಯಾದರೂ ಹೇಳಲೇಬೇಕು, ಅವು ಚೆನ್ನಾಗಿಯೇ ನಡೆದವು. ಫಗಾಸಿನಾದ ಪ್ರತಿ ಪಾಠಕ್ಕೂ ಪ್ರತಿ ಮಗುವೂ ಹಸಿರು ಒತ್ತಿತು. ಇಲಾಖೆಯ ನಕ್ಷೆಯಲ್ಲಿ ಆ ಊರಿನಷ್ಟು ಹಸಿರಾದ ಊರು ಇನ್ನೊಂದಿರಲಿಲ್ಲ. ಒಂದು ಭಾನುವಾರ ಪೆನಿಯಾಮಿನಾ ಊರಿಗೆ ಹೋದವರು, ಅಕ್ಕನ ಮೊಮ್ಮಗಳು ಲಾಗಿಯನ್ನು ಕೂರಿಸಿಕೊಂಡು, ಅರ್ಧಕ್ಕೆ ಕಾಲು ಕೂಡಿಸಿದರೆ ಎಷ್ಟೆಂದು ಕೇಳಿದರು. ಹುಡುಗಿ ಹುಬ್ಬೇರಿಸಿ ನಕ್ಕಳು. ಮತ್ತೆ ಕೇಳಿದರು. ಮತ್ತೆ ಹುಬ್ಬು.

“ಗೊತ್ತಿಲ್ವಲ್ಲೇ ನಿಂಗೆ! ಮತ್ಯಾಕೆ ಹಸಿರು ಒತ್ತಿದೆ?”

“ಮೇಷ್ಟ್ರು ಪಾಪ ಅಷ್ಟು ದೂರದಿಂದ ಕೇಳ್ತಾರಲ್ಲ ತಾತ. ಇಲ್ಲ ಅಂದ್ರೆ ಅವ್ರಿಗೆ ಬೇಜಾರಾಗಲ್ವಾ?”

ಆ ವಾರದ ಸಭೆಯಲ್ಲಿ ಫಗಾಸಿನಾದ ಸಾಧನೆಗೆ ಚಪ್ಪಾಳೆ ಬಿತ್ತು. ವೆಲ್ಲಿಂಗ್ಟನ್ನಿನ ಆ ಸಲಹೆಗಾರ, ಮನುಷ್ಯ ಒಳ್ಳೆಯವನೇ, ಪರದೆಯಲ್ಲಿ ಮುಂದಕ್ಕೆ ಬಾಗಿ, “ಪೆನಿಯಾಮಿನಾ, ಅದು ನಿಮ್ಮೂರಲ್ವಾ? ಮಕ್ಕಳಿಗೆ ನಿಜವಾಗ್ಲೂ ಅರ್ಥ ಆಗ್ತಿದೆಯಾ?” ಎಂದು ಕೇಳಿದ. ಇಷ್ಟು ದಿನಗಳಲ್ಲಿ ಉತ್ತರ ಬೇಕೆಂದೇ ಯಾರಾದರೂ ಕೇಳಿದ ಪ್ರಶ್ನೆ ಅದೊಂದೇ. ಪೆನಿಯಾಮಿನಾ ಪರದೆಯನ್ನು ದಿಟ್ಟಿಸಿದರು, ನಿರ್ದೇಶಕರನ್ನು ನೋಡಿದರು, ಕೊನೆಗೆ ಎರಡೂ ಹುಬ್ಬುಗಳನ್ನು ಮೆಲ್ಲಗೆ ಮೇಲಕ್ಕೇರಿಸಿದರು.

“ಹೌದು ಅಂತಿದ್ದಾರೆ” ಎಂದು ನಿರ್ದೇಶಕರು ವಿವರಿಸಿದರು.

ಪೆನಿಯಾಮಿನಾ ಎದ್ದು, ಬಾಗಿ, “ತುಲೋ” ಎಂದು ಕ್ಯಾಮೆರಾ ದಾಟಿ ಹೊರಗೆ ಹೋದರು. ಈ ಸಲ ಯಾರೂ ನಗಲಿಲ್ಲ.

ಸರ್ಕಾರಕ್ಕೂ ಜನಕ್ಕೂ ನಡುವೆ ಓಡಾಡುವ ಇಂಥವರು ಎಲ್ಲ ದೇಶಗಳಲ್ಲೂ ಇದ್ದಾರು. ಇವರು ದುಷ್ಟರಲ್ಲ, ದಡ್ಡರಂತೂ ಅಲ್ಲವೇ ಅಲ್ಲ. ಜನರ ಮೌನವನ್ನು ಅಕ್ಷರ ಬಿಡದೆ ಓದಬಲ್ಲರೆಂದೇ ಇವರನ್ನು ಹುಡುಕಿ ಕಳಿಸುತ್ತಾರೆ. ಮೌನ ತಿಳಿಯದ ಪರಕೀಯ ಇನ್ನೊಮ್ಮೆ ಕೇಳಿಯಾನು. ತಿಳಿದವನು ಕೇಳುವುದಿಲ್ಲ, ಬರೆದುಕೊಂಡು ಬರುತ್ತಾನೆ, ಆಮೇಲೆ ಉಳಿದ ಆಯುಷ್ಯವೆಲ್ಲ ಎಲ್ಲರೆದುರೂ ಬೆನ್ನು ಬಗ್ಗಿಸಿ ಓಡಾಡುತ್ತಾನೆ. ಫಗಾಸಿನಾದ ಮಕ್ಕಳು ಇವತ್ತೂ ಹಸಿರು ಒತ್ತುತ್ತಿದ್ದಾರೆ.