ಕೆಂದಿಯ ಎಡಮಗ್ಗುಲು

ಬಿಸಿಲು ಆಗಲೇ ಕೊಟ್ಟಿಗೆಯ ಹೊಸ್ತಿಲು ದಾಟಿತು, ಕೆಂದಿಯನ್ನು ಹೊರಳಿಸುವ ಹೊತ್ತು, ಇವರೆಲ್ಲಿ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಹತ್ತಿರವೇನೋ — ಒಬ್ಬಳ ಕೈಯಲ್ಲಾಗುವ ಕೆಲಸವೇ, ಹಸು ಅಂದರೆ ಬಂಡೆಯ ಭಾರ. ಸಿಮೆಂಟು ಹಾಕಿಸಬೇಡಿ, ಜಾರುತ್ತದೆ ಅಂದಿದ್ದೆ, ಸುಮ್ಕಿರಮ್ಮಿ, ಡೇರಿಯೋರು ಬಂದ್ರೆ ಮೆಚ್ಕಬೇಕು ಅಂದರು, ನೆಲ ನುಣ್ಣಗಾಯಿತು, ಸೋಮವಾರ ಇವರೇ ನೀರು ಹೊಯ್ದು ತೊಳೆದರು, ಕೆಂದಿ ಏಳಲು ಹೋಯಿತು, ಹಿಂಗಾಲೆರಡೂ ಎರಡು ಕಡೆಗೆ ಜಾರಿ ಹೊಟ್ಟೆ ನೆಲಕ್ಕೆ ಬಡಿಯಿತು, ಹಸಿ ಬಟ್ಟೆ ಹರಿದಂಥ ಸದ್ದು, ಒಲೆಯ ಮುಂದೆ ಕೂತಿದ್ದವಳಿಗೂ ಕೇಳಿಸಿತು. ಇವರು ಎಸ್‌ಟಿಡಿ ಬೂತಿಗೆ ಓಡಿದರು, ಅರಕಲಗೂಡಿನಿಂದ ದನದ ಡಾಕ್ಟರು ಸ್ಕೂಟರಿನಲ್ಲಿ ಬರುವಷ್ಟರಲ್ಲಿ ಸಂಜೆ, ಅಲ್ಲಿತನಕ ಅದು ಎಡಮಗ್ಗುಲಲ್ಲೇ ಬಿದ್ದಿತ್ತು, ಮೂಳೆ ಮುರಿದಿಲ್ಲ ಸುವರ್ಣಮ್ಮ, ಒಳತೊಡೆಯ ಮಾಂಸಖಂಡ ಹರಿದಿದೆ, ಹಿಂಗಾಲುಗಳ ನಡುವೆ ಒಂದು ಮೊಳ ಬಿಟ್ಟು ಹಗ್ಗ ಕಟ್ಟಿ, ಮರಳಿನ ಮೇಲೆ ಮಲಗಿಸಿ, ಕೂಡಿಕೊಳ್ಳಬಹುದು, ಆದ್ರೆ ಮಗ್ಗುಲು ಬದಲಿಸ್ತಾ ಇರಿ, ಅದರ ಭಾರಕ್ಕೇ ಕೆಳಗಿನ ಮಾಂಸ ರಕ್ತ ಹರಿಯದೆ ಸಾಯುತ್ತೆ ಅಂದರು. ತನ್ನ ಭಾರಕ್ಕೆ ತಾನೇ — ಇದೆಂಥ ನ್ಯಾಯ. ಪಕ್ಕದ ಮನೆ ಈಶ್ವರಯ್ಯ ಇಣುಕಿದ, ಇದು ಏಳಾಕಿಲ್ಲ ಕಣ್ಲಾ ಕೆಂಪಣ್ಣ, ಕಸಾಯಿ ಲಾರಿಯೋನ್ಗೆ ಯೋಳ್ಬುಡು, ಇವರು ತಲೆ ತಗ್ಗಿಸಿದರು, ನಾನು ಸಗಣಿ ಕೈಯಲ್ಲೇ ಎದ್ದು ನಿಂತೆ, ಲಾರಿ ಬಂದ್ರೆ ನನ್ನೂವೆ ಅತ್ತಿಸ್ಕೊಂಡ್ ಓಗ್ಲಿ. ಅಂದಿನಿಂದ ಇವರು ಬಂದು ಅದರ ಬೆನ್ನಿಗೆ ಭುಜ ಕೊಡುತ್ತಾರೆ, ನಾನು ಕಾಲು ಹಿಡಿಯುತ್ತೇನೆ, ಉಸಿರು ಬಿಗಿಹಿಡಿದು ಹೊರಳಿಸುತ್ತೇವೆ, ಬಿಸಿ ಉಪ್ಪಿನ ಗಂಟು ಒತ್ತುತ್ತೇನೆ, ಬಲತೊಡೆ ಮೆತ್ತಗಾಯಿತು, ನಿನ್ನೆ ಅರ್ಧ ಎದ್ದಿತ್ತಲ್ಲ, ಇವರು ಅತ್ತ ತಿರುಗಿ ಕಣ್ಣೊರೆಸಿಕೊಂಡರಲ್ಲ. ಆದರೆ ಎಡತೊಡೆ — ಬೆರಳಿಗೆ ಮರದ ಕೊರಡು, ತಣ್ಣಗೆ, ಬೆಳಿಗ್ಗೆ ಹುಯ್ದ ಗಂಜಲ ಕಾಫಿ ಡಿಕಾಕ್ಷನ್ ಬಣ್ಣ, ಮತ್ತೆ ಬಂದು ನೋಡಿದ ಡಾಕ್ಟರ ಮುಖ ಬಾಡಿತು, ಸತ್ತ ಮಾಂಸದ ನಂಜು ಕಿಡ್ನಿಗೆ ಇಳಿದಿದೆಯಮ್ಮ, ಡ್ರಿಪ್ ಹಾಕಿದೀನಿ, ನೋಡೋಣ. ನೋಡೋಣ ಅಂದರೆ ಏನು, ನೋಡುತ್ತಲೇ ಇದ್ದೇನೆ, ಬದುವಿಗೆ ಹೋಗಿ ಎಳೆ ಗರಿಕೆ ಕಿತ್ತು ತಂದೆ, ಮೂಸಿತು, ಬಾಯಿ ತೆರೆಯಿತು, ತಕ್ಕಂತು ಕಣ್ರೀ, ಬಾಯಿಗ್ ತಕ್ಕಂತು, ಕೂಗಿದೆನಲ್ಲ, ಇವರು ಬ್ಯಾರನ್ ಬಿಟ್ಟು ಓಡಿ ಬರುತ್ತಿದ್ದಾರೆ, ಬನ್ನಿ, ಹೊರಳಿಸೋಣ, ಕಾಲು ನಾನು ಹಿಡಿಯುತ್ತೇನೆ, ಕೊರಳ ಕೆಳಗೆ ಕೈಯಿಟ್ಟೆ, ನೊಣ ಕಣ್ಣಿನ ಮೇಲೆ ಕೂತರೂ ಕಿವಿ ಅಲ್ಲಾಡಲಿಲ್ಲ, ಪಕ್ಕೆ ಏರಲಿಲ್ಲ, ಹಲ್ಲಿನ ನಡುವೆ ಗರಿಕೆ, ಅರ್ಧ ಒಳಗೆ ಅರ್ಧ ಹೊರಗೆ, ಅಗಿಯದ ಗರಿಕೆ, ಅಗಿಯದ ಗರಿಕೆ, ಹಸಿರು —