ಸುಂದರಮ್ಮನ ಹುಳಿಪುಡಿಯ ಜಾಹೀರಾತು

ದೊಡ್ಡಮ್ಮ ಸುಂದರಮ್ಮ ಮಾಡುವ ಹುಳಿಪುಡಿಯನ್ನು ಅಕ್ಷಯಾ ಆನ್‌ಲೈನಿನಲ್ಲಿ ಮಾರಲು ಹೊರಟಾಗ ಕೊಂಡವರು ನೆಂಟರಿಷ್ಟರು ಮಾತ್ರ. ಇಬ್ಬರೂ ಇರುವ ಗವಿಪುರಂ ಮನೆಯ ಅಡುಗೆಮನೆಯಲ್ಲಿ ಹುರಿಯುವುದು, ಹಜಾರದಲ್ಲಿ ಪೊಟ್ಟಣ ಕಟ್ಟುವುದು. ದಿನಾ ಫೋಟೋ ಹಾಕಿದರೂ ಹೊಸಬರು ಯಾರೂ ತಿರುಗಿ ನೋಡಲಿಲ್ಲ.

"ಹುಳಿಪುಡಿ ಊರೆಲ್ಲಾ ಮಾರ್ತಾರೆ ಕಣೆ," ಎಂದ ಲಿಖಿತ್. ಅವಳ ಕಾಲೇಜು ಗೆಳೆಯ. ಸಣ್ಣ ಅಂಗಡಿಗಳಿಗೆ ಆನ್‌ಲೈನ್ ಪ್ರಚಾರ ಮಾಡಿಕೊಡುವುದು ಅವನ ಕಸುಬು. "ಜನಕ್ಕೆ ಕಥೆ ಬೇಕು. ನೋಡಿದೋರ ಕಣ್ಣಲ್ಲಿ ನೀರು ಬರಬೇಕು."

ಅದೇ ವಾರ ಅವಳು ದೊಡ್ಡಮ್ಮ ಧನಿಯಾ ಹುರಿಯುವುದನ್ನು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದಳು. ಕೈಯಷ್ಟೇ ಕಾಣುತ್ತೆ ಎಂದು ಹೇಳಿದ್ದಳು. ಮೊಳಕೈ ಹತ್ತಿರ ಸುಟ್ಟ ಕಲೆ ಕಂಡು, "ಇದೇನು ದೊಡ್ಡಮ್ಮಾ?" ಎಂದು ಕೇಳಿದಳು.

ಸುಂದರಮ್ಮ ಬಾಣಲೆಯಲ್ಲಿ ಕೈಯಾಡಿಸುತ್ತಲೇ ಹೇಳಿದರು. ಮದುವೆಯಾದ ಹೊಸದರಲ್ಲಿ, ಚಾಮರಾಜಪೇಟೆಯ ಮನೆಯಲ್ಲಿ, ಉಪ್ಪು ಜಾಸ್ತಿಯಾಯಿತೆಂದು ಗಂಡ ಕುದಿಯುವ ಹುಳಿಯ ಪಾತ್ರೆಯನ್ನೇ ಎಸೆದಿದ್ದರು. "ಕಾಲು ಜಾರ್ತು ಅಂತ ಅಮ್ಮನ ಹತ್ರ ಹೇಳಿದೆ. ಇವತ್ತಿಗೂ ನಿಮ್ಮಮ್ಮಂಗೂ ಗೊತ್ತಿಲ್ಲ. ಹೋದೋರ ಮಾತು ಯಾಕೆ, ಬಿಡು."

ಅಕ್ಷಯಾ ಬಿಡಲಿಲ್ಲ. ವಿಡಿಯೋದಲ್ಲಿ ದಾಖಲಾಗಿದ್ದ ಆ ಮಾತುಗಳನ್ನೇ ಕತ್ತರಿಸಿ ತೆಗೆದು, ಪಿಟೀಲಿನ ದನಿ ಜೋಡಿಸಿ, ಕೆಳಗೆ ಬರೆದಳು: 'ಅಂದು ಅವಳ ಮೇಲೆ ಎಸೆದ ಹುಳಿ, ಇಂದು ನಿಮ್ಮ ಮನೆಗೆ.'

ವಿಡಿಯೋ ಊರೆಲ್ಲಾ ಹರಿದಾಡಿತು. ಮಾಡಿಟ್ಟ ಪುಡಿಯೆಲ್ಲ ಖಾಲಿ. ಸುಂದರಮ್ಮನಿಗೋ ಸಂಭ್ರಮ. "ನನ್ನ ಪುಡಿ ಇಷ್ಟೊಂದು ಜನಕ್ಕೆ ಹಿಡಿಸ್ತಾ?"

"ಹೂಂ, ನೀನು ಹುರಿಯೋ ವಿಡಿಯೋ ಹಾಕಿದ್ದೆ," ಎಂದಳು ಅಕ್ಷಯಾ. ಅಷ್ಟೇ ಹೇಳಿದಳು.

ಸೋಮವಾರ ಗವಿ ಗಂಗಾಧರೇಶ್ವರನ ಗುಡಿಗೆ ಹೋದ ಸುಂದರಮ್ಮ ಮಂಗಳಾರತಿಗೂ ನಿಲ್ಲದೆ ಬಂದರು. ಯಾರೋ ಹೆಂಗಸು ದನಿ ಕೇಳಿಯೇ ಗುರುತು ಹಿಡಿದು, ಸೆರಗು ಸರಿಸಿ ಕಲೆ ನೋಡಿ, 'ಎಂಥಾ ಗಂಡನ ಜೊತೆ ಬಾಳಿದ್ರಿ ಅಮ್ಮಾ' ಎಂದು ಅತ್ತಿದ್ದಳಂತೆ. ಸುತ್ತ ನಿಂತವರೆಲ್ಲ ನೋಡಿದರಂತೆ.

"ತೋರಿಸು," ಎಂದರು. ಕೊನೆಯವರೆಗೂ ನೋಡಿದರು. ಅಕ್ಷಯಾಳಿಗೆ ಆ ಪಿಟೀಲು ಕೇಳಿ ಕಿವಿ ಮುಚ್ಚಿಕೊಳ್ಳುವಂತಾಯಿತು.

"ನನ್ನ ಕೇಳಬಹುದಿತ್ತಲ್ಲೇ."

"ತಪ್ಪಾಯ್ತು ದೊಡ್ಡಮ್ಮಾ, ಮರೆತೇ..."

"ಮರೀಲಿಲ್ಲ. ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಕೇಳಲಿಲ್ಲ."

ನಿಜವೇ. ಕೇಳಬೇಕೆಂದು ಅಕ್ಷಯಾಳಿಗೆ ಅನಿಸಿತ್ತು, ಬೇಡ ಎಂದಾರೆಂಬ ಭಯಕ್ಕೆ ಆತುರಾತುರವಾಗಿ ಹಾಕಿದ್ದಳು.

ಅಲ್ಲೇ ಕುಳಿತು ವಿಡಿಯೋ ಅಳಿಸಿದಳು. ಅಷ್ಟರಲ್ಲಿ ಯಾರ್ಯಾರೋ ಅದನ್ನು ತಮ್ಮ ಪುಟಗಳಿಗೆ ಹಾಕಿಕೊಂಡಿದ್ದರು. ಒಬ್ಬೊಬ್ಬರಿಗೂ ತೆಗೆಯಿರೆಂದು ಬರೆದಳು. ಕೆಲವರು ತೆಗೆದರು. ಲಿಖಿತ್ ಫೋನ್ ಮಾಡಿ, "ಎರಡನೇ ಭಾಗ ಯಾವಾಗ?" ಎಂದಾಗ ಮಾತಾಡದೆ ಇಟ್ಟಳು. ಅಂದು ಸಂಜೆ ಅಮ್ಮನೂ ಫೋನ್ ಮಾಡಿದಳು, ಅಕ್ಕನ ಜೊತೆ ಮಾತಾಡಬೇಕೆಂದು. ಸುಂದರಮ್ಮ ಬೇಡವೆಂದು ತಲೆಯಾಡಿಸಿದರು.

ಮಾರನೆ ಬೆಳಗ್ಗೆ ನೋಡಿದರೆ ದೊಡ್ಡಮ್ಮ ಮೆಣಸಿನಕಾಯಿ ಹುರಿಯುತ್ತಿದ್ದರು.

"ಬೇಡ ದೊಡ್ಡಮ್ಮಾ, ನಿಲ್ಲಿಸಿಬಿಡೋಣ."

"ದುಡ್ಡು ಕೊಟ್ಟೋರು ಕಾಯ್ತಿದಾರೆ. ಅವರೇನು ಮಾಡಿದ್ರು?"

ಬಂದಿದ್ದ ಆರ್ಡರುಗಳೆಲ್ಲ ಮುಗಿಯುವವರೆಗೂ ಇಬ್ಬರೂ ಕೆಲಸ ಮಾಡಿದರು. ಮೊದಲಾದರೆ ಬಾಣಲೆ ಒಲೆಗೇರಿದ್ದೇ ತಡ ಹಳೆಯ ಮಾತು ತೆಗೆಯುತ್ತಿದ್ದ ದೊಡ್ಡಮ್ಮ ಈಗ, "ಜರಡಿ ಕೊಡು", "ಡಬ್ಬ ಮುಚ್ಚು" ಎನ್ನುವುದು ಬಿಟ್ಟು ಬೇರೇನೂ ಹೇಳಲಿಲ್ಲ. ಅಕ್ಷಯಾಳೂ ಕೇಳಲಿಲ್ಲ. ಕೇಳುವ ಮುಖ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.