ಗಿರಿಜಾಬಾಯಿ ಚೆಲ್ಲಿದ ನೀರು

ಗದಗಿನಲ್ಲಿ ನಳ ಬಂತೆಂದರೆ ಇಡೀ ಓಣಿ ಎದ್ದು ಕೂರುತ್ತಿತ್ತು. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬರುವ ನೀರು. ಬಂದ ದಿನ ಮನೆಯಲ್ಲಿ ಉಳಿದ ಹಳೆ ನೀರನ್ನು ಬಟ್ಟೆಗೋ ಅಂಗಳಕ್ಕೋ ಸುರಿದು, ಕೊಡ ಹಂಡೆ ತಿಕ್ಕಿ, ಹೊಸದನ್ನು ತುಂಬಿಡಬೇಕು. ಗಿರಿಜಾಬಾಯಿ ಲಗ್ನವಾಗಿ ಬಂದಾಗಿನಿಂದ ಹಾಗೇ ಮಾಡಿಕೊಂಡು ಬಂದವಳು. ಗಂಡ ಮುರಿಗೆಪ್ಪ ತೀರಿಕೊಂಡ ಮೇಲೆ ಮಗಳು ಶ್ರೀದೇವಿ ಆಕೆಯನ್ನು ಸಿಂಗಪುರಕ್ಕೆ ಕರೆಸಿಕೊಂಡಳು. ಅಲ್ಲಿನ ಕ್ಲೆಮೆಂಟಿ ಬಡಾವಣೆಯ ಅವಳ ಫ್ಲ್ಯಾಟಿನಲ್ಲಿ ನಳ ತಿರುವಿದಾಗೆಲ್ಲ ನೀರು. ನೀರು ಬಂದ ದಿನ ಹಳೆಯದನ್ನು ಚೆಲ್ಲಬೇಕು. ಇಲ್ಲಿ ದಿನಾ ಬರುತ್ತದೆ. ಹಾಗಾಗಿ ಆಕೆ ದಿನಾ ಚೆಲ್ಲುತ್ತಿದ್ದಳು.

ಬಂದ ಹೊಸತರಲ್ಲೇ ಶ್ರೀದೇವಿ ಬೈದಿದ್ದಳು. "ಅವ್ವಾ, ಇಲ್ಲೆ ನೀರ್ ನಿಲ್ಲಿಸಿ ಇಟ್ರ ಸೊಳ್ಳಿ ಆಗ್ತಾವು ಅಂತ ಫೈನ್ ಹಾಕ್ತಾರ. ಬಕೆಟ್ ಎಲ್ಲಾ ಡಬ್ಬ ಹಾಕು."

ಹೂಂ ಅಂದಳು. ಆದರೆ ತುಂಬಿದ ಕೊಡ ಒಂದೂ ಇಲ್ಲದ ಮನೆಯಲ್ಲಿ ಆಕೆಗೆ ನಿದ್ದೆ ಹತ್ತಲಿಲ್ಲ. ಬಚ್ಚಲಿನ ಮೂಲೆಯಲ್ಲಿ ಬಕೆಟ್ಟು, ಮಂಚದ ಕೆಳಗೆ ಮುಚ್ಚಳದ ಸಣ್ಣ ಡ್ರಮ್ಮುಗಳು, ಹೀಗೆ ಕದ್ದು ತುಂಬಿಟ್ಟಳು. ಸೊಳ್ಳೆಯ ಅಂಜಿಕೆಗೆ ನಸುಕಿನಲ್ಲೇ ಎದ್ದು ಎಲ್ಲವನ್ನೂ ಸುರಿದು ಮತ್ತೆ ತುಂಬುವಳು. ಶ್ರೀದೇವಿಯ ಕೋಣೆಗೆ ಬೇರೆ ಬಚ್ಚಲಿತ್ತು. ಈ ಬಚ್ಚಲಿಗೆ ಬರುತ್ತಿದ್ದವರು ಗಿರಿಜಾಬಾಯಿ ಮತ್ತು ಬಾಡಿಗೆ ಕೋಣೆಯ ಹುಡುಗಿ ಹಿತಾ, ಇಬ್ಬರೇ.

ಹಿತಾ ಉಡುಪಿ ಕಡೆಯ ಕಾಪುವಿನವಳು, ಹತ್ತಿರದ ಆಫೀಸು ಬಡಾವಣೆ ಒನ್-ನಾರ್ತ್‌ನಲ್ಲಿ ಕೆಲಸ. ಗಿರಿಜಾಬಾಯಿಗೆ ಎಂಆರ್‌ಟಿ ರೈಲು ಹತ್ತುವುದನ್ನು ಕಲಿಸಿದವಳು ಆಕೆಯೇ. ಸಂಜೆ ಬರುವಾಗ ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಿಂದ ಬಿಸಿ ಸೋಯಾ ಹಾಲು ತಂದು, "ಅಜ್ಜಿ, ಆರುವ ಮುಂಚೆ ಕುಡೀರಿ" ಅನ್ನುವಳು.

ಆ ವರ್ಷ ಮಳೆ ಕೈಕೊಟ್ಟಿತು. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಇನ್ನು ಮಳೆಯನ್ನೇ ನಂಬಿ ಕೂರುವಂತಿಲ್ಲ ಎಂದು ಲಿಫ್ಟಿನ ಪಕ್ಕ ನೋಟಿಸು ಹಚ್ಚಿದರು. ಕೆಳಗೆ ರಸ್ತೆ ಅಗೆದು ಸೋರುವ ಹಳೆ ಪೈಪು ಕಿತ್ತು ಹೊಸದು ಹೂತರು. ಮನೆಮನೆಗೂ ಹೊಸ ಮೀಟರ್ ಬಂತು. ಯಾವ ತಾಸಿನಲ್ಲಿ ಎಷ್ಟು ನೀರು ಹೋಯಿತೆಂದು ಅದು ಫೋನಿಗೇ ಹೇಳಿಬಿಡುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಶ್ರೀದೇವಿ ಫೋನು ಹಿಡಿದೇ ಅಡುಗೆಮನೆಗೆ ಬಂದಳು. ಗಿರಿಜಾಬಾಯಿ ರೊಟ್ಟಿ ಬೇಯಿಸುತ್ತಿದ್ದಳು, ಹಿತಾ ಚಹಾ ಸೋಸುತ್ತಿದ್ದಳು.

"ಹಿತಾ, ಇದೇನಿದು? ದಿನಾ ಐದರಿಂದ ಆರು ಗಂಟೆ, ಇಷ್ಟೊಂದು ಯೂಸೇಜ್! ಆ ಟೈಮಲ್ಲಿ ಸ್ನಾನ ಮಾಡೋದು ನೀನೊಬ್ಳೇ."

"ಅಕ್ಕ, ನಾನು ಬೇಗನೇ ಮುಗಿಸ್ತೀನಲ್ಲ…"

"ನಿಮ್ಮ ಉಡುಪಿಯೋರಿಗೆ ಬಾವಿಕಟ್ಟೇಲಿ ನಿಂತ್ಕೊಂಡು ಸುರ್ಕೊಂಡೇ ಅಭ್ಯಾಸ. ಇದು ಬಾವಿ ಅಲ್ಲಮ್ಮಾ. ಸಮುದ್ರದ ನೀರಲ್ಲಿ ಉಪ್ಪು ತೆಗ್ದು ಕುಡೀತಿರೋ ಊರು!"

ಹಿತಾ ತಲೆಯೆತ್ತಿ ಗಿರಿಜಾಬಾಯಿಯ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸುಮ್ಮನೆ ನೋಡಿದಳು, ಸ್ವಲ್ಪ ಹೊತ್ತು. ಗಿರಿಜಾಬಾಯಿ ರೊಟ್ಟಿ ಮಗುಚಿದಳು.

"ಸಾರಿ ಅಕ್ಕ. ಕಮ್ಮಿ ಮಾಡ್ತೀನಿ" ಅಂದಳು ಹಿತಾ.

ತಾನು ಯಾಕೆ ಬಾಯಿ ಬಿಡಲಿಲ್ಲವೆಂದು ಗಿರಿಜಾಬಾಯಿ ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಮಗಳ ಮನೆಯಲ್ಲಿ ಇರುವವಳು, ಒಮ್ಮೆ ಬೈಸಿಕೊಂಡ ಕೆಲಸಕ್ಕೆ ಬಾಡಿಗೆಯವಳ ಎದುರು ಮತ್ತೆ ಬೈಸಿಕೊಳ್ಳುವ ನಾಚಿಕೆ, ಅಷ್ಟೇ. ಅಷ್ಟಕ್ಕೇ ಒಂದು ಹುಡುಗಿಯ ಮುಖ ಸುಡಲು ಬಿಟ್ಟಳು.

ಇನ್ನು ಮುಂದೆ ಚೆಲ್ಲದಿದ್ದರಾಯಿತು, ತಪ್ಪು ಅಲ್ಲಿಗೆ ತೊಳೆದುಹೋಗುತ್ತದೆ ಅಂದುಕೊಂಡಳು. ಮರುದಿನವೇ ಬಕೆಟ್ಟುಗಳನ್ನೆಲ್ಲ ಬೋರಲು ಹಾಕಿ, ಡ್ರಮ್ಮು ಖಾಲಿ ಮಾಡಿ ಮುಚ್ಚಿಟ್ಟಳು. ಅದೇ ಹಿತಾಳಿಗೆ ಮುಳುವಾಯಿತು.

"ನೋಡವ್ವಾ," ಶ್ರೀದೇವಿ ಫೋನು ತೋರಿಸಿದಳು, "ಒಂದ್ ಮಾತ್ ಅಂದಿದ್ದ ತಡ, ಹೆಂಗ್ ಇಳೀತು! ಯಾರು ಅಂತ ಗೊತ್ತಾತಿಲ್ಲ?"

ಮುಂದೊಂದು ದಿನ ಊಟಕ್ಕೆ ಬಂದ ತನ್ನ ಗೆಳತಿ ಅಮಿತಾಳ ಎದುರೂ ಶ್ರೀದೇವಿ ಅದನ್ನೇ ತೆಗೆದಳು. "ನಮ್ಮನೇಲಿ ಒಂದು ಆನೆ ಇತ್ತು, ಬೆಳಗ್ಗೆ ಬೆಳಗ್ಗೆ ಸೊಂಡಿಲು ಎತ್ತಿ ಸ್ನಾನ. ಈಗ ಬುದ್ಧಿ ಬಂದಿದೆ." ಹಿತಾಳೂ ನಕ್ಕಳು. ಅವಳು ಆಗಲೇ ಆಫೀಸಿನಲ್ಲೇ ಸ್ನಾನ ಮಾಡಿ, ಹಸಿ ಟವೆಲು ಚೀಲದಲ್ಲಿಟ್ಟು ತರುತ್ತಿದ್ದಳು. ಆ ಟವೆಲು ಒಣಗಲು ಹಾಕಿದಾಗೆಲ್ಲ ಗಿರಿಜಾಬಾಯಿ ಬೇರೆ ಕಡೆ ನೋಡುವಳು.

ತಿಂಗಳು ಮುಗಿಯುತ್ತ ಬಂದಾಗ ಹಿತಾ, "ಅಕ್ಕ, ಪಾಯಾ ಲೆಬಾರ್ ಹತ್ರ ರೂಮ್ ಸಿಕ್ಕಿದೆ. ಶಿಫ್ಟ್ ಆಗ್ತೀನಿ, ಆಫೀಸಿಗೆ ಈಸಿ ಆಗುತ್ತೆ" ಅಂದಳು. ಒನ್-ನಾರ್ತ್ ಇಲ್ಲಿಂದ ಮೂರೇ ಸ್ಟೇಷನ್ನು. ಪಾಯಾ ಲೆಬಾರ್ ಊರಿನ ಆ ತುದಿ. ಆ ದಾರಿಯ ರೈಲಿನಲ್ಲಿ ಹಿತಾಳೇ ಕೈಹಿಡಿದು ಕರೆದೊಯ್ದಿದ್ದರಿಂದ ಗಿರಿಜಾಬಾಯಿಗೆ ಅದು ಗೊತ್ತಿತ್ತು.

ಆ ಸಂಜೆ ಆಕೆ ಮಗಳ ಎದುರು ಹೋಗಿ ನಿಂತಳು.

"ಫೋನ್ ಇಡು. ಆ ನೀರು ನಾ ಚೆಲ್ಲಿದ್ದು."

ಶ್ರೀದೇವಿ ನಕ್ಕಳು. "ಅಕೀನ್ನ ಉಳಸ್ಲಿಕ್ಕೆ ನೀ ಯಾಕ ಸುಳ್ಳ ಹೇಳ್ತಿ?"

ಗಿರಿಜಾಬಾಯಿ ಅವಳನ್ನು ತನ್ನ ಕೋಣೆಗೆ ಕರೆದೊಯ್ದು, ಮಂಚದ ಕೆಳಗಿನಿಂದ ಖಾಲಿ ಡ್ರಮ್ಮು ಒಂದೊಂದಾಗಿ ಎಳೆದಿಟ್ಟಳು. ಒಳಗಿನ ತೇವ ಇನ್ನೂ ಪೂರ್ತಿ ಆರಿರಲಿಲ್ಲ. ಶ್ರೀದೇವಿ ಮಂಚದ ಅಂಚಿಗೆ ಕೂತುಬಿಟ್ಟಳು.

"ಅವತ್ತ ನಾ ಅಕಿಗೆ ಏನೇನ್ ಅಂದೆ… ನೀ ಅಲ್ಲೇ ಇದ್ದೀ ಅಲ್ಲವ್ವಾ?"

"ಇದ್ದೆ."

ಶ್ರೀದೇವಿ ಹೋಗಿ ಹಿತಾಳ ಬಾಗಿಲು ತಟ್ಟಿದಳು. ತಪ್ಪಾಯ್ತು, ಹೋಗಬೇಡ ಅಂತ ಅಂಗಲಾಚಿದಳು. ಹಿತಾ ಬೇಸರ ತೋರಿಸಲಿಲ್ಲ. "ಪರವಾಗಿಲ್ಲ ಅಕ್ಕ. ಅಲ್ಲಿ ಮಾತು ಕೊಟ್ಟಾಗಿದೆ" ಅಂದಳು.

ಹೊರಡುವ ದಿನ ಗಿರಿಜಾಬಾಯಿ ಹಿತಾಳ ಒಂದು ಚೀಲ ಹಿಡಿದು ಕಟ್ಟಡದ ಕೆಳಗಿನ ಖಾಲಿ ಪಡಸಾಲೆ, ವಾಯ್ಡ್ ಡೆಕ್‌ವರೆಗೂ ಬಂದಳು. ಟ್ಯಾಕ್ಸಿ ಇನ್ನೂ ಬಂದಿರಲಿಲ್ಲ.

"ನಿನಗ ಮೊದಲ ಗೊತ್ತಿತ್ತು, ಹೌದಲ್ಲ?"

"ಗೊತ್ತಿತ್ತು ಅಜ್ಜಿ. ದಿನಾ ಬೆಳಗ್ಗೆ ಸದ್ದು ಕೇಳಿಸ್ತಿತ್ತು."

"ಮತ್ತ ಅವತ್ತ ಅಂದುಬಿಡಬೇಕಿಲ್ಲೇನು?"

ಹಿತಾ ರಸ್ತೆಯ ಕಡೆ ನೋಡಿದಳು. "ನೀವೇ ಹೇಳ್ತೀರಿ ಅಂದ್ಕೊಂಡಿದ್ದೆ."

ಟ್ಯಾಕ್ಸಿ ಬಂತು. ಸಾಮಾನೆಲ್ಲ ಏರಿಸಿ ಹಿತಾ ಕಾಲಿಗೆರಗಲು ಬಗ್ಗಿದಳು. ಗಿರಿಜಾಬಾಯಿ ಥಟ್ಟನೆ ಹಿಂದೆ ಸರಿದು ಸೀರೆಯ ನಿರಿಗೆ ಎಳೆದುಕೊಂಡಳು.

"ಬ್ಯಾಡವ್ವಾ," ಅಂದಳು, "ನನಗ ಬ್ಯಾಡ."